ಅಜ್ಜಿಯ ಮಡಿಲಿನ ಬೈಬಲ್: ಮಕ್ಕಳ ಚಿತ್ರಪುಸ್ತಕಗಳು ನಡೆದು ಬಂದ ದಾರಿ

(ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ, ಜುಲೈ 26)



ಪ್ರತಿ ವರ್ಷ ಜುಲೈ 26ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಸ್ಮರಿಸುತ್ತದೆ. ಇವರು ನಮ್ಮ ಯೇಸುಸ್ವಾಮಿಯ ಅಜ್ಜ ಅಜ್ಜಿ. ಇವರ ಹೆಸರು ಬೈಬಲ್ಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ಎರಡನೆಯ ಶತಮಾನದ ಒಂದು ಹಳೆಯ ಬರಹದಿಂದ ಮತ್ತು ಧರ್ಮಸಭೆಯ ಪರಂಪರೆಯಿಂದ ಇವರ ಹೆಸರು ನಮಗೆ ಬಂದಿದೆ. ಮೊದಲು ಜುಲೈ 26 ಅನ್ನಮ್ಮನವರ ಹಬ್ಬ ಮಾತ್ರವಾಗಿತ್ತು. ಜೋಕಿಮರನ್ನು ಆಗಸ್ಟ್ 16ರಂದು ನೆನೆಯುತ್ತಿದ್ದರು. 1969ರಲ್ಲಿ ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ ಗಂಡಹೆಂಡಿರಿಬ್ಬರನ್ನೂ ಒಂದೇ ದಿನಕ್ಕೆ ತಂದರು. 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಈ ಹಬ್ಬಕ್ಕೆ ಹತ್ತಿರವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ಸ್ಥಾಪಿಸಿದರು.

ಅನ್ನಮ್ಮನವರ ಪಟವನ್ನು ನೀವು ನೋಡಿರಬಹುದು. ವಯಸ್ಸಾದ ತಾಯಿಯೊಬ್ಬಳು ಕುಳಿತಿದ್ದಾಳೆ. ಪಕ್ಕದಲ್ಲಿ ಪುಟ್ಟ ಬಾಲಕಿ ಮರಿಯ ನಿಂತಿದ್ದಾಳೆ. ಇಬ್ಬರ ನಡುವೆ ಒಂದು ತೆರೆದ ಪುಸ್ತಕವಿದೆ. ತಾಯಿ ಬೆರಳಿಟ್ಟು ತೋರಿಸುತ್ತಾಳೆ, ಮಗಳು ನೋಡುತ್ತಾಳೆ. ಇಂಥ ಚಿತ್ರಗಳು ಸುಮಾರು 1300ರ ಹೊತ್ತಿಗೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳಲ್ಲಿ ಕಾಣಿಸಿಕೊಂಡವು. ಅನ್ನಮ್ಮನವರಿಗೆ ನಿಜವಾಗಿ ಅಕ್ಷರ ಬರುತ್ತಿತ್ತೇ ಎಂದು ಕೇಳಿದರೆ ಶುಭಸಂದೇಶ ಏನೂ ಹೇಳುವುದಿಲ್ಲ. ಆ ಚಿತ್ರಕಾರರು ಹೇಳಬಯಸಿದ್ದು ಇಷ್ಟೇ: ದೇವರ ವಾಕ್ಯವನ್ನು ಗರ್ಭದಲ್ಲಿ ಧರಿಸಿದ ಆ ತಾಯಿ ಮೊದಲು ಆ ವಾಕ್ಯವನ್ನು ತನ್ನ ಮನೆಯಲ್ಲಿ, ಹಿರಿಯರ ಬಾಯಿಂದ ಕೇಳಿದಳು.

ಈ ಹಬ್ಬದ ನೆಪದಲ್ಲಿ ಒಂದು ಚಿಕ್ಕ ವಿಷಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನೋಡಲಿಕ್ಕೆ ಚಿಕ್ಕದು, ಆದರೆ ನಮ್ಮ ಮಕ್ಕಳ ವಿಶ್ವಾಸದ ಬೇರು ಅದರಲ್ಲಿದೆ. ಅದು ಮಕ್ಕಳ ಚಿತ್ರಪುಸ್ತಕ. ನೋಹನ ನಾವೆ, ದಾವೀದ ಮತ್ತು ಗೊಲ್ಯಾತ, ಬೆತ್ಲೆಹೇಮಿನ ಗೋದಲಿ ಇವುಗಳ ಬಣ್ಣದ ಚಿತ್ರವಿರುವ ಪುಸ್ತಕಗಳು ಎಲ್ಲಿಂದ ಬಂದವು? ನಮ್ಮ ಕನ್ನಡ ನಾಡಿಗೆ ಹೇಗೆ ಬಂದವು? ಅವುಗಳನ್ನು ಮಗುವಿಗೆ ಓದಿ ಹೇಳಬೇಕಾದವರು ಯಾರು?

ಮಗು ಕೇಳುವ ಪ್ರಶ್ನೆ

ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ಯೆಹೋಶುವನು ನದಿಯ ಒಳಗಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ. ಯಾಕೆ? ಮುಂದೆ ಮಕ್ಕಳು ಆ ಕಲ್ಲುಗಳನ್ನು ಕಂಡು ಇವೇನು ಎಂದು ಕೇಳುತ್ತಾರೆ, ಆಗ ತಂದೆಯಾದವನು ದೇವರು ಮಾಡಿದ ಉಪಕಾರವನ್ನು ಹೇಳಬೇಕು ಎಂಬುದು ಅವನ ಆಜ್ಞೆಯಾಗಿತ್ತು (ಯೆಹೋಶುವ 4). ಇಲ್ಲಿ ಮೂರು ಸಂಗತಿಗಳಿವೆ. ಕಣ್ಣಿಗೆ ಕಾಣುವ ಒಂದು ಗುರುತು, ಮಗುವಿನ ಪ್ರಶ್ನೆ, ಹಿರಿಯರ ಉತ್ತರ. ಮೂರರಲ್ಲಿ ಒಂದು ತಪ್ಪಿದರೂ ಕಲ್ಲು ಬರೀ ಕಲ್ಲಾಗಿ ಉಳಿಯುತ್ತದೆ. ಚಿತ್ರಪುಸ್ತಕದ ಇಡೀ ಚರಿತ್ರೆ ಈ ಮೂರರ ಚರಿತ್ರೆಯೇ ಆಗಿದೆ.

ಗೋಡೆಯೇ ಪುಸ್ತಕವಾಗಿದ್ದ ಕಾಲ

ಕ್ರಿ.ಶ. 600ರ ಸುಮಾರಿಗೆ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಸೆರೇನುಸ್ ಎಂಬುವರು ತಮ್ಮ ದೇವಾಲಯದ ಚಿತ್ರಗಳನ್ನು ಒಡೆಸಿಹಾಕಿದರು. ಜನ ಅವುಗಳನ್ನೇ ಪೂಜಿಸತೊಡಗಿದ್ದಾರೆ ಎಂಬುದು ಅವರ ಚಿಂತೆ. ಆಗ ಪೋಪ್ ಮಹಾ ಗ್ರೆಗೋರಿಯವರು ಅವರಿಗೆ ಪತ್ರ ಬರೆದರು. ಚಿತ್ರಕ್ಕೆ ಆರಾಧನೆ ಸಲ್ಲದು, ಅದನ್ನು ತಡೆದದ್ದು ಸರಿ. ಆದರೆ ಒಡೆದದ್ದು ಸರಿಯಲ್ಲ ಎಂದರು. ಓದು ಬಲ್ಲವರಿಗೆ ಗ್ರಂಥವು ಏನನ್ನು ಕೊಡುತ್ತದೋ ಅದನ್ನೇ ಓದು ಬಾರದವರಿಗೆ ಚಿತ್ರವು ಕೊಡುತ್ತದೆ ಎಂಬುದು ಅವರ ವಾದದ ಸಾರ. ಅಷ್ಟಕ್ಕೇ ಬಿಡದೆ, ಜನರನ್ನು ಕರೆದು ಕೂರಿಸಿ ತಿಳಿಯಹೇಳಬೇಕೆಂದೂ ಸೂಚಿಸಿದರು. ಚಿತ್ರ ಗೋಡೆಯ ಮೇಲಿದ್ದರೆ ಸಾಲದು, ಹೇಳುವ ಬಾಯಿ ಬೇಕು ಎಂಬುದನ್ನು ಧರ್ಮಸಭೆ ಅಂದೇ ಕಂಡುಕೊಂಡಿತ್ತು.

ಅಲ್ಲಿಂದ ಸಾವಿರ ವರ್ಷ ದೇವಾಲಯದ ಗೋಡೆಗಳು, ಬಣ್ಣದ ಗಾಜಿನ ಕಿಟಕಿಗಳು ಬಡವರ ಪುಸ್ತಕಗಳಾಗಿದ್ದವು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಬೆತ್ಲೆಹೇಮಿನ ದೃಶ್ಯವನ್ನು ಜನರ ಕಣ್ಣ ಮುಂದೆ ನಿಲ್ಲಿಸಿದರು. ನಾವು ಮನೆಮನೆಯಲ್ಲಿ ಕಟ್ಟುವ ಗೋದಲಿಗೆ ಮೂಲ ಅದೇ. ಅಂದು ರಾತ್ರಿ ಫ್ರಾನ್ಸಿಸರು ಗೋದಲಿಯನ್ನು ಸಿದ್ಧಪಡಿಸಿ ಸುಮ್ಮನೆ ನಿಲ್ಲಲಿಲ್ಲ, ಅದರ ಎದುರು ನಿಂತು ಕಥೆಯನ್ನು ಹಾಡಿ ಹೇಳಿದರು.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಕಿಳ್ಳೇಕ್ಯಾತರು ಪರದೆಯ ಹಿಂದೆ ದೀಪ ಹಚ್ಚಿ ತೊಗಲುಗೊಂಬೆ ಆಡಿಸುವಾಗ ಗೊಂಬೆಯ ಜೊತೆಗೆ ಹಾಡು ಮಾತು ಇದ್ದೇ ಇರುತ್ತವೆ. ಕೊಂಕಣದ ಪಿಂಗುಳಿಯ ಚಿತ್ರಕಥಿಗಳು ಒಂದೊಂದೇ ಚಿತ್ರದ ಹಾಳೆಯನ್ನು ಎತ್ತಿ ಹಿಡಿದು ರಾಮಾಯಣದ ಕಥೆ ಹೇಳುತ್ತಾರೆ. ಗೊಂಬೆಯನ್ನಷ್ಟೇ ತೋರಿಸಿ ಸುಮ್ಮನಿದ್ದರೆ ಯಾರು ಕೂತು ನೋಡಿಯಾರು?

ಗೋಡೆಯಿಂದ ಕೈಗೆ

ಹದಿನೈದನೆಯ ಶತಮಾನದಲ್ಲಿ ಯುರೋಪಿನಲ್ಲಿ ಮರದ ಅಚ್ಚಿನಿಂದ ಚಿತ್ರಗಳನ್ನು ಒತ್ತಿ ಪುಸ್ತಕ ಮಾಡತೊಡಗಿದರು. ಅವುಗಳಲ್ಲಿ ಪ್ರಸಿದ್ಧವಾದದ್ದು 'ಬಡವರ ಬೈಬಲ್' ಎಂಬ ಹೆಸರಿನ ಪುಸ್ತಕ. ಪ್ರತಿ ಪುಟದ ನಡುವೆ ಯೇಸುಸ್ವಾಮಿಯ ಜೀವನದ ಒಂದು ಘಟನೆ. ಅದರ ಎಡಬಲಗಳಲ್ಲಿ ಹಳೆಯ ಒಡಂಬಡಿಕೆಯ ಎರಡು ಘಟನೆಗಳು. ಪುನರುತ್ಥಾನದ ಪಕ್ಕದಲ್ಲಿ ಮೀನಿನ ಹೊಟ್ಟೆಯಿಂದ ಹೊರಬಂದ ಯೋನ. ಇದನ್ನು ನೋಡಿದ ಮಾತ್ರಕ್ಕೆ ಅರ್ಥವಾಗುವುದಿಲ್ಲ. ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎಂದು ಒಬ್ಬರು ಬಿಡಿಸಿ ಹೇಳಬೇಕು.

1593ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಮತ್ತೊಂದು ದೊಡ್ಡ ಪುಸ್ತಕ ಹೊರಬಂತು. ಯೇಸುಸಭೆಯ ಗುರು ಜೆರೋಮ್ ನದಾಲ್‌ರು ಸಿದ್ಧಪಡಿಸಿದ ಶುಭಸಂದೇಶದ ಚಿತ್ರಮಾಲೆ ಅದು. ನದಾಲ್‌ರು 1580ರಲ್ಲೇ ತೀರಿಕೊಂಡಿದ್ದರು, ಪುಸ್ತಕ ಅವರ ನಂತರ ಅಚ್ಚಾಯಿತು. ಒಟ್ಟು 153 ಚಿತ್ರಗಳು. ಪೇತ್ರನ ಬಲೆಗೆ ಬಿದ್ದ ಮೀನುಗಳ ಲೆಕ್ಕವೂ ಅಷ್ಟೇ ಎಂಬುದನ್ನು ನೀವು ಬಲ್ಲಿರಿ (ಯೊವಾನ್ನ 21). ಚಿತ್ರದೊಳಗೆ ಅಲ್ಲಲ್ಲಿ ಒಂದೊಂದು ಅಕ್ಷರ ಇಟ್ಟು, ಕೆಳಗೆ ಆ ಅಕ್ಷರದ ಎದುರು ವಿವರಣೆ ಕೊಟ್ಟಿದ್ದರು. ಮೊದಲು ಇಲ್ಲಿ ನೋಡು, ಆಮೇಲೆ ಅಲ್ಲಿ ನೋಡು ಎಂದು ಕಣ್ಣನ್ನು ಕೈಹಿಡಿದು ನಡೆಸುವ ಕ್ರಮ ಅದು. ಇಂದಿನ ಶಾಲಾ ಪುಸ್ತಕಗಳಲ್ಲಿ ನಾವು ಕಾಣುವ ಭಾಗ ಗುರುತಿಸಿದ ಚಿತ್ರಗಳಿಗೆ ಇದು ಅಣ್ಣನಿದ್ದಂತೆ. ಈ ಪುಸ್ತಕ ಚೀನಾ ದೇಶದವರೆಗೆ ಹೋಯಿತು. ಅಲ್ಲಿ 1637ರಲ್ಲಿ ಗುರು ಜೂಲಿಯೊ ಅಲೇನಿಯವರು ಅದರ ಚಿತ್ರಗಳನ್ನು ಚೀನೀ ಕಲೆಗಾರರಿಂದ ಮತ್ತೆ ಕೊರೆಸಿ, ಚೀನೀ ಭಾಷೆಯಲ್ಲಿ ಯೇಸುವಿನ ಚರಿತ್ರೆಯನ್ನು ಅಚ್ಚು ಹಾಕಿಸಿದರು.

ಭಾರತದಲ್ಲಿಯೂ ಇಂಥದೇ ನಡೆಯಿತು. 1580ರಲ್ಲಿ ಯೇಸುಸಭೆಯ ಗುರುಗಳು ಅಕ್ಬರ್ ಬಾದಶಹನಿಗೆ ಆಂಟ್ವರ್ಪಿನಲ್ಲಿ ಅಚ್ಚಾದ ಚಿತ್ರಸಹಿತ ಬೈಬಲ್ಲನ್ನು ಕಾಣಿಕೆಯಾಗಿ ಕೊಟ್ಟರು. 1602ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಬಂಧುವಾದ ಗುರು ಜೆರೋಮ್ ಝೇವಿಯರರು ಪಾರ್ಸಿ ಭಾಷೆಯಲ್ಲಿ ಯೇಸುವಿನ ಜೀವನವನ್ನು ಬರೆದು ಅಕ್ಬರನಿಗೆ ಒಪ್ಪಿಸಿದರು. ಮೊಘಲ್ ಚಿತ್ರಕಾರರು ಅದಕ್ಕೆ ಚಿತ್ರ ಬರೆದರು. ಭಾರತದ ಕುಂಚಗಳಿಂದ ಮೂಡಿದ ಯೇಸು ಕಥೆಯ ಚಿತ್ರಪುಸ್ತಕಗಳಲ್ಲಿ ಅದು ಬಹಳ ಹಳೆಯದು.

ಆದರೆ ಇವೆಲ್ಲ ದೊಡ್ಡವರ ಪುಸ್ತಕಗಳು. ಮಕ್ಕಳಿಗೆಂದೇ ಮಾಡಿದ ಮೊದಲ ಚಿತ್ರಪುಸ್ತಕವೆಂದು ಸಾಮಾನ್ಯವಾಗಿ ಹೇಳುವುದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾದ 'ಚಿತ್ರಗಳಲ್ಲಿ ಲೋಕ' ಎಂಬ ಅರ್ಥದ ಪುಸ್ತಕವನ್ನು. ಬರೆದವರು ಜಾನ್ ಅಮೋಸ್ ಕೊಮೇನಿಯಸ್. ಇವರು ಮೊರಾವಿಯದ ಪ್ರೊಟೆಸ್ಟೆಂಟ್ ಸಹೋದರ ಸಂಘವೊಂದರ ಬಿಷಪರಾಗಿದ್ದರು, ಯುದ್ಧದಲ್ಲಿ ಊರುಮನೆ ಕಳೆದುಕೊಂಡು ದೇಶದಿಂದ ದೇಶಕ್ಕೆ ಅಲೆದವರು. ಅವರ ಪುಸ್ತಕದಲ್ಲಿ ಎರಡು ಸಂಗತಿಗಳು ನಮಗೆ ಮುಖ್ಯ. ಮೊದಲನೆಯದು, ಆ ಪುಸ್ತಕ ಆರಂಭವಾಗುವುದೇ ಒಬ್ಬ ಗುರು ಮತ್ತು ಒಬ್ಬ ಹುಡುಗನ ಚಿತ್ರದಿಂದ. ಗುರು ಕರೆಯುತ್ತಾನೆ, ಹುಡುಗ ಪ್ರಶ್ನೆ ಕೇಳುತ್ತಾನೆ. ಎರಡನೆಯದು, ಲ್ಯಾಟಿನ್ ಕಲಿಸಲೆಂದೇ ಬರೆದ ಆ ಪುಸ್ತಕದಲ್ಲಿ ಲ್ಯಾಟಿನ್ನಿನ ಪಕ್ಕದಲ್ಲೇ ಮಗುವಿನ ಮನೆಮಾತನ್ನೂ ಇಟ್ಟಿದ್ದರು. ಮನೆಮಾತಿನ ಮೆಟ್ಟಿಲು ಹತ್ತದೆ ಮಗು ಎಲ್ಲಿಗೂ ಏರದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಕನ್ನಡ ನಾಡಿಗೆ ಬಂದ ಬಗೆ

ಕನ್ನಡದಲ್ಲಿ ಕ್ರೈಸ್ತ ಬೋಧನೆಯ ಪುಸ್ತಕಗಳಿಗೆ ಬಹಳ ಹಿಂದೆಯೇ ಅಡಿಪಾಯ ಬಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಬರೆದರು. ಅವೆಲ್ಲ ಕೈಬರಹದ ಪ್ರತಿಗಳು.

ಅಚ್ಚಿನ ಕೆಲಸ ಬಲವಾಗಿ ಬೇರೂರಿದ್ದು ಮಂಗಳೂರಿನಲ್ಲಿ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಪ್ರೊಟೆಸ್ಟೆಂಟ್ ಸಹೋದರರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವೊಂದನ್ನು ಆರಂಭಿಸಿದರು. ಕಲ್ಲಚ್ಚಿನಲ್ಲಿ ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಅದರಿಂದ ಕಾಗದಕ್ಕೆ ಒತ್ತುತ್ತಾರೆ. ಅಕ್ಷರವನ್ನೂ ಚಿತ್ರವನ್ನೂ ಒಂದೇ ಕಲ್ಲಿನ ಮೇಲೆ ಒಂದೇ ಕೈ ಬರೆಯಬಹುದು. ಹರ್ಮನ್ ಮೋಗ್ಲಿಂಗ್‌ರವರ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಇಂಥ ಕಲ್ಲಚ್ಚಿನಲ್ಲೇ. ಈ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಗದಗ ಬೆಟಗೇರಿಗಳಿಗೂ ನಮ್ಮ ಬಾಗಲಕೋಟೆ ಸೀಮೆಯ ಗುಳೇದಗುಡ್ಡಕ್ಕೂ ಬಂದು ಶಾಲೆಗಳನ್ನು ತೆರೆದರು.

ಇವರಿಗೂ ಜರ್ಮನಿಯ ಕಾಲ್ವ್ ಎಂಬ ಚಿಕ್ಕ ಊರಿಗೂ ಒಂದು ನಂಟಿತ್ತು. ಅಲ್ಲಿ ಕ್ರಿಸ್ಟಿಯಾನ್ ಬಾರ್ಟ್ ಎಂಬ ಪಾದ್ರಿ 1832ರಲ್ಲಿ ಮಕ್ಕಳಿಗಾಗಿ ಬೈಬಲ್ ಕಥೆಗಳ ಚಿತ್ರಸಹಿತ ಪುಸ್ತಕವೊಂದನ್ನು ತಂದಿದ್ದರು. ಅದರ ಹೆಸರಿನ ಅರ್ಥ 'ಎರಡು ಸಲ ಐವತ್ತೆರಡು ಬೈಬಲ್ ಕಥೆಗಳು'. ಹಳೆಯ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52. ವರ್ಷಕ್ಕೆ ವಾರಗಳು ಐವತ್ತೆರಡಲ್ಲವೇ? ಶಾಲೆಗೂ ಕುಟುಂಬಕ್ಕೂ ಎಂದು ಅದರ ಮೇಲೆಯೇ ಬರೆದಿತ್ತು. ಅಗ್ಗದ ಬೆಲೆಗೆ ಮಾರಿದ್ದರಿಂದ ಬಡವರ ಮನೆಗೂ ಹೋಯಿತು, ಲೋಕದ ಅನೇಕ ಭಾಷೆಗಳಿಗೆ ಅನುವಾದವಾಯಿತು. 1838ರಲ್ಲಿ ಮಂಗಳೂರಿಗೆ ಬಂದು, ಮುಂದೆ ತಲಶ್ಶೇರಿಯಲ್ಲಿ ಮಲಯಾಳಂ ಭಾಷೆಗೆ ದುಡಿದ ಹರ್ಮನ್ ಗುಂಡರ್ಟ್‌ರು ಊರಿಗೆ ಮರಳಿ ಬಾರ್ಟರ ಜೊತೆ ಸೇರಿದರು. 1862ರಲ್ಲಿ ಬಾರ್ಟರು ತೀರಿಕೊಂಡ ಮೇಲೆ ಆ ಪ್ರಕಾಶನವನ್ನು ನಡೆಸಿದವರೂ ಅವರೇ.

ಅದೇ 1862ರಲ್ಲಿ ಫರ್ಡಿನೆಂಡ್ ಕಿಟ್ಟೆಲ್‌ರು 'ಕಥಾಮಾಲೆ'ಯನ್ನು ಹೊರತಂದರು. ಇದು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಕೃತಿ. ಕನ್ನಡಿಗರ ಕಿವಿಗೆ ಕಥೆ ಇಳಿಯಬೇಕಾದರೆ ಕನ್ನಡದ ಲಯ ಬೇಕು ಎಂದು ನಿಘಂಟಿನ ಆ ಪಂಡಿತರು ಅರಿತಿದ್ದರು.

ನಮ್ಮ ಕಥೋಲಿಕರೂ ಹಿಂದೆ ಉಳಿಯಲಿಲ್ಲ. 1882ರಲ್ಲಿ ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಯೇಸುಸಭೆಯವರ ಮುದ್ರಣಾಲಯ ಆರಂಭವಾಯಿತು. ಪ್ರಾರ್ಥನಾ ಪುಸ್ತಕಗಳೂ ಧರ್ಮೋಪದೇಶದ ಪುಸ್ತಕಗಳೂ ಅಲ್ಲಿಂದ ಮನೆಮನೆಗೆ ಹೋದವು. 1914ರಲ್ಲಿ ಇಟಲಿಯ ಆಲ್ಬಾದಲ್ಲಿ ಧನ್ಯ ಜೇಮ್ಸ್ ಅಲ್ಬೆರಿಯೋನೆಯವರು ಸ್ಥಾಪಿಸಿದ ಸಂತ ಪೌಲರ ಸಭೆ 1935ರಲ್ಲಿ ಭಾರತಕ್ಕೆ ಬಂತು. ಅಚ್ಚುಯಂತ್ರವನ್ನೇ ಪ್ರಬೋಧನಾ ಪೀಠವೆಂದು ಭಾವಿಸಿದ ಈ ಗುರುಗಳೂ ಪೌಲೀನ್ ಧರ್ಮಭಗಿನಿಯರೂ ತಮ್ಮ ಪುಸ್ತಕದಂಗಡಿಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಸದಾ ಜಾಗ ಕೊಟ್ಟಿದ್ದಾರೆ.

ಒಂದು ಸಂತೋಷದ ಸಂಗತಿ ಹೇಳಬೇಕು. ಭಾರತದ ಮಕ್ಕಳೆಲ್ಲ ಬಲ್ಲ 'ಅಮರ ಚಿತ್ರ ಕಥೆ' ಮಾಲೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯತ್ನದಿಂದ. ಅದನ್ನು ದೇಶಕ್ಕೆಲ್ಲ ಹರಡಿದ ಅನಂತ ಪೈ ಅವರು ಕಾರ್ಕಳದವರು. ಮುಂದೆ ಆ ಮಾಲೆಯಲ್ಲಿ ಯೇಸುಕ್ರಿಸ್ತನ ಕಥೆಯೂ ಬಂತು. ಕ್ರೈಸ್ತರಲ್ಲದ ಎಷ್ಟೋ ಮನೆಗಳ ಮಕ್ಕಳು ಯೇಸುಸ್ವಾಮಿಯನ್ನು ಮೊದಲು ಕಂಡದ್ದು ಆ ಪುಟಗಳಲ್ಲಿ.

1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ಸಂಕಷ್ಟದಲ್ಲಿರುವ ಧರ್ಮಸಭೆಗೆ ನೆರವಾಗುವ ಕಥೋಲಿಕ ಸಂಸ್ಥೆಯೊಂದು ತನ್ನ ಸ್ಥಾಪಕರಾದ ಗುರು ವೆರೆನ್‌ಫ್ರೀಡ್‌ರ ಮುಂದಾಳತ್ವದಲ್ಲಿ ಮಕ್ಕಳ ಬೈಬಲ್ ಒಂದನ್ನು ತಂದಿತು. 'ದೇವರು ತನ್ನ ಮಕ್ಕಳೊಡನೆ ಮಾತನಾಡುತ್ತಾರೆ' ಎಂಬುದು ಅದರ ಹೆಸರಿನ ಅರ್ಥ. ಬರೆದವರು ಎಲಿಯೊನೋರ್ ಬೆಕ್, ಚಿತ್ರ ಬರೆದವರು ಸ್ಪೇನಿನ ಧರ್ಮಭಗಿನಿ ಮಿರೆನ್ ಸೊರ್ನೆ. ಅಂಗೈಗೆ ಹಿಡಿಸುವ ಆ ಚಿಕ್ಕ ಪುಸ್ತಕ ಭಾರತದ ಭಾಷೆಗಳೂ ಸೇರಿ 190ರಷ್ಟು ಭಾಷೆಗಳಲ್ಲಿ 5 ಕೋಟಿಗೂ ಹೆಚ್ಚು ಪ್ರತಿಗಳಾಗಿ ಲೋಕದ ಮಕ್ಕಳ ಕೈ ಸೇರಿದೆ. ಎಷ್ಟೋ ಬಡ ಮಕ್ಕಳಿಗೆ ತಮ್ಮ ಸ್ವಂತದ್ದೆಂದು ಸಿಕ್ಕಿದ ಮೊದಲ ಪುಸ್ತಕ ಅದೇ ಆಗಿತ್ತು.

ಯೇಸು ಯಾವ ಊರಿನವನು?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಪುಸ್ತಕಗಳಲ್ಲಿ ಯೇಸುಬಾಲನಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಮರಿಯಮ್ಮನವರು ಯುರೋಪಿನ ರಾಣಿಯಂತೆ. ಇದನ್ನು ನೋಡಿ ಬೆಳೆದ ಮಗು ದೇವರು ಎಲ್ಲೋ ದೂರದವರು ಎಂದುಕೊಂಡರೆ ತಪ್ಪು ಯಾರದು? ಗೋವೆಯಲ್ಲಿ ಹುಟ್ಟಿದ ಏಂಜೆಲೊ ಡ ಫೊನ್ಸೆಕ (1902–1967) ಎಂಬ ಕಲೆಗಾರರು ಮರಿಯಮ್ಮನವರಿಗೆ ಸೀರೆ ಉಡಿಸಿ ಚಿತ್ರ ಬರೆದಾಗ ನಮ್ಮವರೇ ಟೀಕಿಸಿದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಯಾವುದೇ ಒಂದು ಕಲಾಶೈಲಿಯನ್ನು ಮಾತ್ರ ತನ್ನದೆಂದು ಧರ್ಮಸಭೆ ಇಟ್ಟುಕೊಂಡಿಲ್ಲ, ಎಲ್ಲ ಜನಾಂಗಗಳ ಕಲೆಗೂ ಇಲ್ಲಿ ಸ್ಥಾನವಿದೆ ಎಂದು ತಿಳಿಸಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದಲ್ಲಿ ಭಾರತೀಯ ಶೈಲಿಯ ಪವಿತ್ರ ಚಿತ್ರಗಳಿಗೆ ಪ್ರೋತ್ಸಾಹ ಸಿಕ್ಕಿತು.

ಹಾಗೆಂದು ಪರದೇಶದ ಚಿತ್ರವನ್ನು ಹರಿದೆಸೆಯಬೇಕಾಗಿಲ್ಲ. ದೂರದ ಚಿತ್ರವನ್ನು ಹತ್ತಿರ ತರುವುದು ಹೇಳುವವರ ಮಾತು. ಬಿತ್ತುವವನ ಸಾಮತಿಯ ಚಿತ್ರವನ್ನೇ ತೆಗೆದುಕೊಳ್ಳಿ. ಒಬ್ಬ ಮನುಷ್ಯ ಜೋಳಿಗೆಯಿಂದ ಕಾಳು ತೆಗೆದು ಎರಚುತ್ತಿದ್ದಾನೆ. ಮುಧೋಳ, ಜಮಖಂಡಿ ಕಡೆಯ ಮಗು ಅದನ್ನು ನೋಡಿ ಏನು ಕೇಳೀತು?

"ಆಯಿ, ಇವಾ ಯಾಕ ಕಾಳು ಚೆಲ್ಲಾಕತ್ತಾನ?"

"ಚೆಲ್ಲಾಕತ್ತಿಲ್ಲೋ ತಮ್ಮಾ, ಬಿತ್ತಾಕತ್ತಾನ. ನಮ್ಮಂಗ ಕೂರಿಗಿ ಇಲ್ಲ ಅವನ ಹಂತ್ಯಾಕ. ಕೈಲೆ ಎರಚಿದ್ರ ಒಂದೀಟು ದಾರಿ ಮ್ಯಾಲ ಬೀಳ್ತಾವ, ಒಂದೀಟು ಮುಳ್ಳಾಗ ಬೀಳ್ತಾವ. ಅದಕ್ಕ ಹಕ್ಕಿ ಬಂದು ತಿಂದ್ವು, ನೋಡಿಲ್ಲಿ."

ಕೂರಿಗೆ ಹಿಡಿದು ಸಾಲು ತಪ್ಪದಂತೆ ಬಿತ್ತುವ ಸೀಮೆಯ ಜನರಿಗೆ ಆ ಕಾಳು ದಾರಿಯ ಮೇಲೆ ಬಿದ್ದದ್ದು ಹೇಗೆ ಎಂಬುದೇ ಒಂದು ಒಗಟು. ಒಕ್ಕಲುತನ ಬಲ್ಲ ಅಜ್ಜಿ ಒಂದೇ ಮಾತಿನಲ್ಲಿ ಅದನ್ನು ಬಿಡಿಸುತ್ತಾಳೆ. ಒಳ್ಳೆಯ ಕುರುಬನ ಚಿತ್ರ ಬಂದಾಗಲೂ ಅಷ್ಟೇ. ಕಂಬಳಿ ಹೊದ್ದು, ಆಗಷ್ಟೇ ಹುಟ್ಟಿದ ಮರಿಯನ್ನು ಹೆಗಲ ಮೇಲೆ ಹೊತ್ತು ಹಿಂಡಿನ ಜೊತೆ ನಡೆಯುವ ಕುರುಬರನ್ನು ನಮ್ಮ ಮಕ್ಕಳು ದಾರಿಯಲ್ಲಿ ದಿನವೂ ಕಾಣುತ್ತಾರೆ. ದ್ರಾಕ್ಷಿಬಳ್ಳಿಯ ಸಾಮತಿಗೆ ವಿಜಯಪುರದ ತೋಟಗಳಿವೆ.

2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯ ಮಹಿಳೆಯರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 58 ಮಂದಿ. ಉಳಿದವರಲ್ಲಿ ನಮ್ಮ ಅಜ್ಜಿಯಂದಿರೂ ಇದ್ದಾರೆ. ಮೊಮ್ಮಗುವಿಗೆ ಇನ್ನೂ ಅಕ್ಷರ ಬಂದಿಲ್ಲ, ಅಜ್ಜಿಗೆ ಅಕ್ಷರ ಬಂದೇ ಇಲ್ಲ. ಇವರಿಬ್ಬರೂ ಕೂಡಿ ಓದಬಲ್ಲ ಬೈಬಲ್ ಒಂದೇ ಒಂದು, ಅದು ಚಿತ್ರಪುಸ್ತಕ. ಮಹಾ ಗ್ರೆಗೋರಿಯವರು ಓದು ಬಾರದವರ ಬಗ್ಗೆ ಬರೆದದ್ದು ನಮ್ಮ ಮನೆಯ ಈ ಇಬ್ಬರ ಬಗ್ಗೆಯೇ ಬರೆದಂತಿದೆ.

ಆದರೆ ಇಂದು ನಡೆಯುತ್ತಿರುವುದೇನು? ತಂದೆತಾಯಿ ಪ್ರೀತಿಯಿಂದಲೇ ಬಣ್ಣಬಣ್ಣದ ಇಂಗ್ಲಿಷ್ ಪುಸ್ತಕ ಕೊಂಡು ತರುತ್ತಾರೆ. ಮಗು ನೋಹನ ಕಥೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತದೆ, ಅಜ್ಜಿಗೆ ತಿಳಿಯುವುದಿಲ್ಲ. ಅಜ್ಜಿ ಪುಸ್ತಕದ ಹತ್ತಿರ ಬರಲು ಹಿಂಜರಿಯುತ್ತಾಳೆ, ತನಗೇನು ಬರುತ್ತದೆ ಎಂದುಕೊಳ್ಳುತ್ತಾಳೆ. ಅಥವಾ ಮಗುವಿನ ಕೈಗೆ ಮೊಬೈಲು ಕೊಟ್ಟುಬಿಡುತ್ತೇವೆ. ಅದರಲ್ಲೂ ಬೈಬಲ್ ಕಥೆ ಇದೆ, ಚಿತ್ರ ಓಡಾಡುತ್ತದೆ, ದನಿಯೂ ಇದೆ. ಆದರೆ ಮಗು ಪ್ರಶ್ನೆ ಕೇಳಿದರೆ ಅದು ನಿಂತು ಉತ್ತರ ಕೊಡುವುದಿಲ್ಲ. ಯೆಹೋಶುವ ಹೇಳಿದ ಮೂರರಲ್ಲಿ ಒಂದು ಅಲ್ಲಿ ಕಡಿದುಹೋಯಿತು. ಎಂಬತ್ತು ವರ್ಷ ಜಪಸರ ಹಿಡಿದ ಕೈ ಖಾಲಿ ಕುಳಿತಿದೆ, ಅವಳ ಎದೆಯಲ್ಲಿರುವ ವಿಶ್ವಾಸ ಅವಳ ಜೊತೆಗೇ ಮಣ್ಣಿಗೆ ಹೋಗುತ್ತದೆ. ನಮ್ಮ ಕಡೆ ಕಥೋಲಿಕ ಕುಟುಂಬಗಳು ಕಡಿಮೆ, ಅಲ್ಲೊಂದು ಇಲ್ಲೊಂದು ಮನೆ. ದೇವಾಲಯ ದೂರ, ಧರ್ಮೋಪದೇಶ ತರಗತಿ ದೂರ. ಇಂಥ ಕಡೆ ಅಜ್ಜಿ ಸುಮ್ಮನಾದರೆ ಮಗುವಿಗೆ ಹೇಳುವವರು ಬೇರೆ ಯಾರಿದ್ದಾರೆ?

ರನ್ನನ ಊರು, ಅತ್ತಿಮಬ್ಬೆಯ ದಾನ

ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮುಧೋಳ ತಾಲೂಕಿನ ರನ್ನ ಬೆಳಗಲಿಯ ಹೆಸರನ್ನು ಕನ್ನಡ ಬಲ್ಲವರೆಲ್ಲ ಬಲ್ಲರು. 949ರಲ್ಲಿ ಅಲ್ಲಿ ಬಳೆಗಾರರ ಮನೆಯಲ್ಲಿ ಒಂದು ಮಗು ಹುಟ್ಟಿತು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊತ್ತು ತಿರುಗಬೇಕಿದ್ದ ಆ ಹುಡುಗ ವಿದ್ಯೆಯ ಹಸಿವಿನಿಂದ ಊರು ಬಿಟ್ಟು ಶ್ರವಣಬೆಳಗೊಳದ ಕಡೆ ನಡೆದ, ಅಜಿತಸೇನಾಚಾರ್ಯರ ಶಿಷ್ಯನಾದ, ಮುಂದೆ ಕವಿಚಕ್ರವರ್ತಿಯೆನಿಸಿದ. ಬಡವರ ಮಗುವಿನ ಕೈಗೆ ಪುಸ್ತಕ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಈ ಊರೇ ಸಾಕ್ಷಿ.

ರನ್ನನಿಗೆ ಆಶ್ರಯವಾಗಿ ನಿಂತವಳು ದಾನಚಿಂತಾಮಣಿ ಅತ್ತಿಮಬ್ಬೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಈ ತಾಯಿ, ಪೊನ್ನ ಕವಿಯ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚುಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಕೈಯಿಂದ ಕೊರೆಯಬೇಕು. ಪುಸ್ತಕಗಳ ಜೊತೆಗೆ ಜಿನಬಿಂಬಗಳನ್ನೂ ಆಕೆ ಸಾವಿರಾರು ದಾನ ಮಾಡಿದಳೆಂದು ಹೇಳುತ್ತಾರೆ. ಗ್ರಂಥವನ್ನೂ ಬಿಂಬವನ್ನೂ ಆಕೆ ಕೂಡಿಯೇ ಕೊಟ್ಟಳು. 993ರಲ್ಲಿ ರನ್ನ ಅಜಿತಪುರಾಣವನ್ನು ಬರೆದದ್ದು ಆಕೆಯ ಆಶ್ರಯದಲ್ಲೇ. ಆಕೆ ಜೈನಳು, ನಾವು ಕ್ರೈಸ್ತರು. ಆದರೆ ತನ್ನ ವಿಶ್ವಾಸ ಮುಂದಿನ ತಲೆಮಾರಿಗೆ ತಲುಪಬೇಕೆಂಬ ಆಕೆಯ ಕಾಳಜಿಯಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ಸಾವಿರ ವರ್ಷದ ಹಿಂದೆ ಒಬ್ಬ ವಿಧವೆ ಸಾವಿರ ಪ್ರತಿ ಬರೆಯಿಸಿದಳು. ಇಂದು ನಮ್ಮ ಮನೆಯ ಮಗುವಿಗೆ ಒಂದು ಪ್ರತಿ ಕೊಡುವುದು ನಮಗೆ ಭಾರವೇ?

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ದೀಕ್ಷಾಸ್ನಾನಕ್ಕೆ ಹೋಗುವಾಗ ಉಂಗುರ, ಬಟ್ಟೆಗಳ ಜೊತೆಗೆ ಕನ್ನಡದ ಒಂದು ಚಿತ್ರಬೈಬಲ್ಲನ್ನೂ ಉಡುಗೊರೆ ಕೊಡಿ. ಜ್ಞಾನತಂದೆ ಜ್ಞಾನತಾಯಂದಿರಿಗೆ ಇದು ಒಪ್ಪುವ ಕೆಲಸ. ಇಂಗ್ಲಿಷ್ ಪುಸ್ತಕವೇ ಮನೆಯಲ್ಲಿದ್ದರೆ ಚಿಂತೆಯಿಲ್ಲ. ಅಕ್ಷರವನ್ನು ಬದಿಗಿಟ್ಟು ಚಿತ್ರಕ್ಕೆ ಕನ್ನಡದಲ್ಲಿ ಕಥೆ ಹೇಳಿ.

ಎರಡನೆಯದಾಗಿ, ಪುಸ್ತಕ ಸಿಗದ ಊರಿನಲ್ಲಿ ಪುಸ್ತಕ ನೀವೇ ಮಾಡಿ. ಹಳೆಯ ಕ್ಯಾಲೆಂಡರಿನ ಪವಿತ್ರ ಚಿತ್ರಗಳು, ಮೊದಲ ಪರಮಪ್ರಸಾದದ ನೆನಪಿನ ಚಿತ್ರಗಳು, ಕ್ರಿಸ್ಮಸ್ ಕಾರ್ಡುಗಳು ಎಲ್ಲರ ಮನೆಯ ಪೆಟ್ಟಿಗೆಯಲ್ಲಿ ಇರುತ್ತವೆ. ಒಂದು ನೋಟುಬುಕ್ಕಿಗೆ ಅಂಟಿಸಿದರೆ ಆಯಿತು. ಎದುರಿನ ಪುಟದಲ್ಲಿ ಮಗುವೇ ಚಿತ್ರ ಬರೆಯಲಿ. ಅದರ ಬೆತ್ಲೆಹೇಮಿನಲ್ಲಿ ಕಬ್ಬಿನ ಗದ್ದೆ ಇದ್ದರೂ ಇರಲಿ, ಜೋಸೆಫರ ಮನೆಯಲ್ಲಿ ರಬಕವಿ ಬನಹಟ್ಟಿಯ ಮಗ್ಗ ಇದ್ದರೂ ಇರಲಿ.

ಮೂರನೆಯದಾಗಿ, ಬಾರ್ಟರ ಲೆಕ್ಕವನ್ನು ನಾವೂ ಇಟ್ಟುಕೊಳ್ಳೋಣ. ವಾರಕ್ಕೆ ಒಂದೇ ಕಥೆ. ಭಾನುವಾರ ಸಂಜೆ ಜಪಸರವಾದ ಮೇಲೆ ಹತ್ತು ನಿಮಿಷ ಸಾಕು. ವರ್ಷ ತುಂಬುವುದರೊಳಗೆ ಮಗುವಿಗೆ ಐವತ್ತೆರಡು ಕಥೆಗಳು ಬಂದಿರುತ್ತವೆ. ಮಗು ಅದೇ ಕಥೆಯನ್ನು ಮತ್ತೆ ಕೇಳಿದರೆ ಬೇಸರಿಸಬೇಡಿ.

ನಾಲ್ಕನೆಯದಾಗಿ, ಧರ್ಮಕೇಂದ್ರಗಳಲ್ಲಿ ಒಂದು ಪುಸ್ತಕದ ಪೆಟ್ಟಿಗೆ ಇಡೋಣ. ಹತ್ತು ಹದಿನೈದು ಪುಸ್ತಕಗಳಿದ್ದರೂ ಸಾಕು. ಬಲಿಪೂಜೆಗೆ ಬಂದವರು ತಿಂಗಳಿಗೊಂದು ಒಯ್ದು ಮರಳಿ ತರಲಿ. ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಟ್ಟರೆ ಅತ್ತಿಮಬ್ಬೆಯ ನಾಡಿನವರು ಎನಿಸಿಕೊಳ್ಳಲು ನಮಗೂ ಯೋಗ್ಯತೆ ಬಂದೀತು.

ಕೊನೆಯದಾಗಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ನಮಗೆ ಓದು ಬರುವುದಿಲ್ಲ ಎಂದು ಹಿಂದೆ ಸರಿಯಬೇಡಿ. ಸಂತ ಪೌಲರು ತಿಮೊಥೇಯನಿಗೆ ಪತ್ರ ಬರೆಯುವಾಗ ಅವನಲ್ಲಿದ್ದ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಸಿತ್ತು ಎಂದು ನೆನೆಯುತ್ತಾರೆ (2 ತಿಮೊಥೇಯ 1). ಧರ್ಮಾಧ್ಯಕ್ಷನಾದ ಮೊಮ್ಮಗನ ವಿಶ್ವಾಸದ ಬುಡದಲ್ಲಿ ಅಜ್ಜಿಯ ಹೆಸರಿದೆ. ಆ ಅಜ್ಜಿ ಪುಸ್ತಕ ಬರೆದವಳಲ್ಲ, ಪ್ರಬೋಧನೆ ಮಾಡಿದವಳಲ್ಲ. ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದವಳು. ನಿಮಗೆ ಸಾಮತಿಗಳು ಗೊತ್ತು, ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳು ಗೊತ್ತು, ಗೋದಲಿಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಗೊತ್ತು. ಪುಟ ತಿರುವಿ, ಬೆರಳಿಟ್ಟು ತೋರಿಸಿ, ನಿಮ್ಮ ಮಾತಿನಲ್ಲೇ ಹೇಳಿ. ಮಗು ಕೇಳುವ ಪ್ರಶ್ನೆಗೆ ನಿಮಗೆ ಉತ್ತರ ತಿಳಿಯದಿದ್ದರೆ ಭಾನುವಾರ ನಿಮ್ಮ ಗುರುಗಳನ್ನು ಕೇಳಿ. ಅಂಥ ಪ್ರಶ್ನೆಗಳಿಗಾಗಿ ಗುರುಗಳು ಕಾದಿರುತ್ತಾರೆ.

ಬಾಲ ಮರಿಯಳ ಬೆರಳನ್ನು ಹಿಡಿದು ನಡೆಸಿದ ಸಂತ ಅನ್ನಮ್ಮನವರೂ ಸಂತ ಜೋಕಿಮರೂ ನಮ್ಮ ಮನೆಗಳ ಹಿರಿಯರಿಗಾಗಿ ಪ್ರಾರ್ಥಿಸಲಿ. ಅವರ ಕಣ್ಣಿಗೆ ಬೆಳಕನ್ನೂ ದನಿಗೆ ಬಲವನ್ನೂ ದೇವರು ದಯಪಾಲಿಸಲಿ. ನಮ್ಮ ಮಕ್ಕಳು ಅವರ ಮಡಿಲಲ್ಲಿ ಕುಳಿತು ಯೇಸುಸ್ವಾಮಿಯ ಮುಖವನ್ನು ಕಾಣಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.